ಅಕ್ಕೋರು ಆರಿಸಿದ ಎಸ್‌ಎಸ್‌ಡಿ

ಕಂಪ್ಯೂಟರ್ ಕೊಳ್ಳುವವರಷ್ಟೇ ಅಲ್ಲ... ಏನನ್ನೇ ಆರಿಸಿಕೊಳ್ಳಲು ಹೊರಟವರೂ ಒಮ್ಮೆ ಓದಬೇಕಾದ ಕಥೆ ಇದು.

ಹುಬ್ಬಳ್ಳಿಯಲ್ಲಿ ಮಹಾಂತೇಶ ಜವಳಿ ಅವರದು ಕಂಪ್ಯೂಟರ್ ಅಂಗಡಿ. ಮಾತಿನಲ್ಲಿ ಚುರುಕು... ವ್ಯಾಪಾರದಲ್ಲಿ ಇನ್ನೂ ಚುರುಕು.

ಒಂದು ಮಧ್ಯಾಹ್ನ ವಯಸ್ಸಾದ ಮಹಿಳೆಯೊಬ್ಬರು ಅಂಗಡಿಗೆ ಬಂದರು. ಹೆಸರು ಇಂದುಮತಿ. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಅಂಗಡಿಯಿದ್ದ ಬಡಾವಣೆಗೆಲ್ಲ ಅವರು 'ಅಕ್ಕೋರು', ಅಂದರೆ ಟೀಚರಮ್ಮ.

ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡೇ ಕುರ್ಚಿಯಲ್ಲಿ ಕುಳಿತರು.

"ಕಂಪ್ಯೂಟರಿಗೆ ಒಂದು ಚಲೋ ಎಸ್‌ಎಸ್‌ಡಿ ಬೇಕಾಗಿತ್ತಪಾ. ವಿಡಿಯೋ ಇಡಾಕ."

ಕಂಪ್ಯೂಟರಿನ ಫೈಲುಗಳನ್ನು ಉಳಿಸಿಡುವ ಆ ಸಾಧನದ, ಮಿರಿಮಿರಿ ಮಿಂಚುವ ಒಂದು ಡಬ್ಬಿಯನ್ನು ಮಹಾಂತೇಶ ತೆಗೆದು ಮುಂದಿಟ್ಟರು.

"ಇದನ್ನ ತಗೋರಿ ಅಕ್ಕೋರ. ಡಬ್ಬಿ ಮ್ಯಾಲಿನ ನಂಬರ್ ನೋಡ್ರಿ. ಇದಕ್ಕಿಂತ ಸ್ಪೀಡ್ ಇರೋದು ನಮ್ಮ ಅಂಗಡ್ಯಾಗ ಇಲ್ಲ."

"ಸ್ಪೀಡ್ ಇರಲಿ... ಉದ್ದಾನ ವಿಡಿಯೋ ಹಾಕಿದ್ರ ಕೊನೀ ತನಕ ಹಿಂಗ ಓಡತೈತೇನು?"

ಮಹಾಂತೇಶ ಡಬ್ಬಿಯನ್ನು ತಿರುಗಿಸಿ ನೋಡಿದರು. ಎಷ್ಟು ವೇಗ ಎಂದು ಕೇಳಿದವರಿದ್ದರು, ಎಷ್ಟು ಕಡಿಮೆ ಮಾಡುತ್ತೀರಿ ಎಂದು ಕೇಳಿದವರಿದ್ದರು... ಕೊನೆಯ ತನಕ ಓಡುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ.

"ಮತ್ತ... ಬರದು, ಅಳಿಸಿ, ಮತ್ತ ಬರದು ಮಾಡಿದ್ರ ಎಷ್ಟು ದಿನ ತಾಳತೈತಿ?"

ಮಹಾಂತೇಶರಿಗೆ ಸಣ್ಣಗೆ ನಗು ಬಂತು.

"ಮೊಮ್ಮಕ್ಕಳ ವಿಡಿಯೋ ಇಡಾಕ ಅಷ್ಟೆಲ್ಲಾ ಯಾಕ್ರಿ ಅಕ್ಕೋರ?"

ಅಕ್ಕೋರು ಸೆರಗಿನಿಂದ ಕೈಗಳನ್ನು ಹೊರಗೆ ತೆಗೆದು ಕೌಂಟರಿನ ಗಾಜಿನ ಮೇಲಿಟ್ಟರು.

ಎರಡೂ ಕೈ ನಡುಗುತ್ತಿದ್ದವು... ಬಳೆಗಳು ಗಾಜಿಗೆ ತಾಗಿ ಸದ್ದು ಮಾಡುತ್ತಿದ್ದವು.

"ಪಾರ್ಕಿನ್ಸನ್ ಅಂತಾರ ಡಾಕ್ಟರು. ಗುಳಿಗಿ ತಗೊಂಡ ಮ್ಯಾಲೆ ಸ್ವಲ್ಪ ಹೊತ್ತು ಕೈ ನನ್ನ ಮಾತು ಕೇಳತಾವ. ಅಷ್ಟರಾಗ ಶಾಲಿಗೆ ಪಾಠ ರೆಕಾರ್ಡ್ ಮಾಡಬೇಕು. ನಮ್ಮ ಮಕ್ಕಳ ಭಾಷಾ ಇರೋದ ಕೈಯಾಗ."

ಕ್ಯಾಮೆರಾದ ಕಾರ್ಡ್ ತುಂಬಿದಾಗಲೆಲ್ಲ ವಿಡಿಯೋವನ್ನು ಕಂಪ್ಯೂಟರಿಗೆ ಇಳಿಸಿ ಕಾರ್ಡ್ ಖಾಲಿ ಮಾಡಬೇಕಿತ್ತು. ಈಗಿರುವ ಎಸ್‌ಎಸ್‌ಡಿ ಮೊದಮೊದಲು ಓಡಿ ನಡುವೆ ಕುಂತುಬಿಡುತ್ತದೆ ಎಂದರು ಅಕ್ಕೋರು.

"ಅದು ಎದ್ದು ಹೊಂಡೂದ್ರಾಗ ನನ್ನ ಕೈ ಮತ್ತ ನಡಗಾಕ ಹತ್ತತಾವ."

"ಸ್ವಲ್ಪ ನಡುಗಿದ್ರೂ ಮಕ್ಕಳಿಗೆ ತಿಳೀತೈತಲ್ರಿ?"

ಅಕ್ಕೋರು ಎರಡೂ ಕೈಗಳ ಬೆರಳ ತುದಿಗಳನ್ನು ಚಾವಣಿಯಂತೆ ಕೂಡಿಸಿ ತೋರಿಸಿದರು.

"ಹಿಂಗ ಮಾಡಿದ್ರ 'ಮನಿ' ಅಂತ. ಹೋದ ವರ್ಷ ನನ್ನ ವಿಡಿಯೋ ನೋಡಿ ಒಂದನೇ ಕ್ಲಾಸಿನ ಮಕ್ಕಳು ಮನಿ ಮಾಡಿ ತೋರಿಸಿದ್ವು... ಎಲ್ಲಾರ ಮನೀನೂ ಅಲುಗಾಡತಿತ್ತು. ನಡುಗಿಸಬೇಕು ಅಂತನ ತಿಳ್ಕೊಂಡಿದ್ವು ಕೂಸುಗಳು."

ಅವರ ದನಿ ತಗ್ಗಿತು.

"ನನ್ನ ರೋಗ ಆ ಮಕ್ಕಳ ಭಾಷಾ ಆಗಬಾರದಪಾ. ಅದಕ್ಕ ಎಲ್ಲಾ ಅಳಿಸಿ ಮೊದಲಿಂದ ಮಾಡಾಕತ್ತೇನಿ. ಕೈ ನಡುಗಿದ್ದೆಲ್ಲಾ ಅಳಸೂದು... ಮತ್ತ ಮಾಡೂದು."

ಮಹಾಂತೇಶ ಇನ್ನೊಂದು ಕಂಪನಿಯ ಎಸ್‌ಎಸ್‌ಡಿ ತಂದು, ಎರಡನ್ನೂ ಅಂಗಡಿಯ ಕಂಪ್ಯೂಟರಿಗೆ ಜೋಡಿಸಿದರು. ಒಂದಾದ ಮೇಲೊಂದರಂತೆ ಎರಡಕ್ಕೂ ಅದೇ ದೊಡ್ಡ ವಿಡಿಯೋಗಳನ್ನು ಹಾಕಿ ನೋಡಿದರು.

ಮಿಂಚುವ ಡಬ್ಬಿಯದು ಮೊದಲು ಸರ್ರನೆ ಹಾರಿತು. ಅದರೊಳಗೆ ವೇಗವಾಗಿ ಬರೆಸಿಕೊಳ್ಳುವ ಸಣ್ಣ ಜಾಗ ತುಂಬುತ್ತಿದ್ದಂತೆ... ತೆವಳತೊಡಗಿತು.

ಇನ್ನೊಂದು ಹಾರಲೇ ಇಲ್ಲ. ಆದರೆ ಮೊದಲು ಹೇಗೆ ಓಡಿತೋ, ಕೊನೆಗೂ ಹಾಗೇ ಓಡಿತು.

ಆಮೇಲೆ ವಾರಂಟಿಯ ವಿವರ ತೆರೆದರು. ಒಟ್ಟು ಎಷ್ಟು ಡೇಟಾ ಬರೆಯುವ ತನಕ ಕಂಪನಿ ಹೊಣೆ ಹೊರುತ್ತದೆ ಎಂಬ ಮಿತಿ ಅಲ್ಲಿತ್ತು. ಎರಡನೆಯದರ ಮಿತಿ ಬಹಳ ದೊಡ್ಡದು.

"ಇದ ನಿಮ್ಮದು ಅಕ್ಕೋರ. ಆದ್ರ ಎಷ್ಟು ಗಟ್ಟಿ ಇದ್ರೂ ಯಾವತ್ತರ ಒಂದಿನ ಕೈ ಕೊಡತೈತಿ. ಮುಗಿದ ಪಾಠದ್ದು ಇನ್ನೊಂದು ಕಾಪಿ ಬ್ಯಾರೆ ಕಡೆ ಇಟ್ಟಿರ್ರಿ..."

ಹೇಳಿದ ಮೇಲೆ ತಾವಾಡಿದ ಮಾತು ಅವರಿಗೇ ಚುಚ್ಚಿತು. ತಲೆ ತಗ್ಗಿಸಿದರು.

ಅಕ್ಕೋರು ನಕ್ಕುಬಿಟ್ಟರು.

"ಕೈ ಕೊಡೂದಂದ್ರ ಏನಂತ ನನಗ ಗೊತ್ತೈತಿ ಬಿಡಪಾ."

ಮರುದಿನ ಮಹಾಂತೇಶ ತಾವೇ ಅವರ ಮನೆಗೆ ಹೋಗಿ ಆ ಎಸ್‌ಎಸ್‌ಡಿಯನ್ನು ಕೂರಿಸಿ ಬಂದರು. ಅಕ್ಕೋರ ಹಳೆಯ ವಿದ್ಯಾರ್ಥಿನಿ ಫರ್ಜಾನಾ ಕ್ಯಾಮೆರಾ ಹಿಡಿಯುತ್ತಿದ್ದಳು.

ಕೈ ನಡುಗದೆ ನಿಂತ ದಿನ ಎರಡು ಪಾಠ ಮುಗಿಯುತ್ತಿದ್ದವು... ನಿಲ್ಲದ ದಿನ ಅಷ್ಟನ್ನೂ ಅಳಿಸುತ್ತಿದ್ದರು. ಬೇಸಿಗೆಯೆಲ್ಲ ಹೀಗೇ ಕಳೆಯಿತು.

ಶಾಲೆ ಶುರುವಾದ ಮೇಲೆ ಅಕ್ಕೋರಿಂದ ಮೆಸೇಜ್ ಬಂತು... "ಒಮ್ಮೆ ಶಾಲೆಗೆ ಬಂದು ಹೋಗು."

ಮಹಾಂತೇಶ ಹೋದಾಗ ಅಕ್ಕೋರು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಈಗ ಗುಳಿಗೆ ತೆಗೆದುಕೊಂಡರೂ ಕೈಯ ನಡುಕ ನಿಲ್ಲುತ್ತಿರಲಿಲ್ಲ.

ಆದರೆ ಮುಂದಿನ ಪರದೆಯ ಮೇಲೆ ಅವರದೇ ಕೈಗಳು... ಸ್ವಲ್ಪವೂ ಅಲುಗದೆ ಪಾಠ ಮಾಡುತ್ತಿದ್ದವು.

'ಮನೆ' ಎಂಬ ಪದ ಬಂತು. ಪುಟ್ಟ ಪುಟ್ಟ ಕೈಗಳು ಚಾವಣಿ ಕಟ್ಟಿದವು.

ಒಂದು ಮನೆಯೂ ಅಲುಗಲಿಲ್ಲ.

ಪಾಠ ಮುಗಿಯಿತು. ಮಕ್ಕಳೆಲ್ಲ ಹಿಂದಕ್ಕೆ ತಿರುಗಿ ಅಕ್ಕೋರನ್ನು ನೋಡಿದರು... ಎರಡೂ ಕೈ ಮೇಲೆತ್ತಿ ಗಡಗಡ ನಡುಗಿಸತೊಡಗಿದರು.

ಮಹಾಂತೇಶ ಗಾಬರಿಯಿಂದ ಅಕ್ಕೋರ ಕಡೆ ನೋಡಿದರು. ಮಕ್ಕಳು ಅಣಕಿಸುತ್ತಿದ್ದಾರೆಯೇ...

ಪಕ್ಕದಲ್ಲಿದ್ದ ಶಿಕ್ಷಕಿ ಮೆಲ್ಲಗೆ ಹೇಳಿದರು.

"ಚಪ್ಪಾಳಿ ಸಪ್ಪಳ ಇವರಿಗೆ ಕೇಳಂಗಿಲ್ಲಲ್ರಿ. ಹಿಂಗ ಕೈ ಅಲುಗಿಸಿದ್ರ... ಅದ ಚಪ್ಪಾಳಿ."

ಅಕ್ಕೋರು ಕೊಂಚ ಹಿಂಜರಿದರು. ಆಮೇಲೆ ತಮ್ಮ ಎರಡೂ ಕೈಗಳನ್ನು ಮೇಲೆತ್ತಿದರು.

ಆ ಕೋಣೆಯ ತುಂಬ ನಡುಗುವ ಕೈಗಳು... ಅವುಗಳಲ್ಲಿ ರೋಗಕ್ಕೆ ನಡುಗುತ್ತಿದ್ದವು ಯಾವುವು ಎಂದು ಯಾರಿಗೂ ಗೊತ್ತಾಗುವಂತಿರಲಿಲ್ಲ.

ಕಣ್ಣು ಮಂಜಾಗಿದ್ದ ಮಹಾಂತೇಶರಿಗಂತೂ ಗೊತ್ತಾಗಲೇ ಇಲ್ಲ.

ವೇಗ ಎಷ್ಟೆಂದು ಡಬ್ಬಿಯೇ ಹೇಳುತ್ತದೆ... ಬಾಳಿಕೆ ಎಷ್ಟೆಂದು ನಾವೇ ಕೇಳಿ ತಿಳಿಯಬೇಕು.

ನೀವು ಇಂದು ಮಾಡುತ್ತಿರುವ ಕೆಲಸದಲ್ಲಿ... ನಿಮ್ಮ ಕೈ ಸೋತ ಮೇಲೂ ಉಳಿಯುವಂಥದ್ದು ಯಾವುದು?