ಬಾಯಿಲ್ಲದ ಪೆಟ್ಟಿಗೆ

ಮೂರು ಹೆಣ್ಣು ಹೆತ್ತ ಕಾಶವ್ವನಿಗೆ ನಾಲ್ಕನೆಯ ಬಸಿರು ಬೇಡವಾಗಿತ್ತು. ಗಂಡು ಹುಟ್ಟುವ ತನಕ ಬಿಡುವ ಮಾತೇ ಇಲ್ಲವೆಂದು ಗಂಡ ಹಟ ಹಿಡಿದಿದ್ದ. ಹಲ್ಲುನೋವೆಂದು ಮನೆಯಲ್ಲಿ ನೆಪ ಹೇಳಿ ಅವಳು ಒಬ್ಬಳೇ ತಾಲ್ಲೂಕು ಆಸ್ಪತ್ರೆಗೆ ಬಂದು ಬಸಿರು ನಿಲ್ಲದಂತೆ ವಂಕಿ ಹಾಕಿಸಿಕೊಂಡಳು.

"ಸಿಸ್ಟರ್, ಮನ್ಯಾಗ ಗೊತ್ತಾದ್ರ ನನ್ನ ಬಾಳೇ ಮುಗೀತ್ರಿ."

"ಯಾರು ಹೇಳ್ತಾರವಾ? ಮೊದಲು ಚೀಟಿ ಇದ್ದಾಗ ಅದು ಊರೆಲ್ಲಾ ಸುತ್ತತಿತ್ತು. ಈಗ ಎಲ್ಲಾ ಕಂಪ್ಯೂಟರಿನ್ಯಾಗ. ಅದಕ್ಕೇನು ಬಾಯಿ ಐತೇನ? ಆಧಾರ್ ಕೊಡು, ಹೆಬ್ಬಟ್ಟು ಒತ್ತು."

ಕಾಶವ್ವ ಒತ್ತಿದಳು. ಅತ್ತೆಗಿಲ್ಲದ, ನೆರೆಯವರಿಗಿಲ್ಲದ, ತವರಿನವರಿಗೂ ಇಲ್ಲದ ಗುಣ ಈ ಪೆಟ್ಟಿಗೆಗಿದೆಯಲ್ಲ ಎಂದು ಮನಸ್ಸಿನಲ್ಲೇ ಅದಕ್ಕೆ ಕೈಮುಗಿದಳು.

ಮನೆಗೆ ಬಂದಾಗ ಗಂಡ ಕಟ್ಟೆಯ ಮೇಲೆ ಕೂತಿದ್ದ. ಅವಳ ಆಧಾರಿಗೆ ಜೋಡಿಸಿದ್ದ ಮೊಬೈಲು, ಆ ಮನೆಗೆಲ್ಲ ಇದ್ದ ಒಂದೇ ಮೊಬೈಲು, ಅವನ ಕೈಯಲ್ಲಿತ್ತು.

"ಹಲ್ಲು ಕೀಳಿಸಿದಿ?"

"ಹೂಂರಿ."

ಅವನು ಒಳಗಿದ್ದ ಅವ್ವನಿಗೂ ಕೇಳುವಂತೆ, ಅಕ್ಷರ ಅಕ್ಷರ ಕೂಡಿಸಿ ಓದತೊಡಗಿದ: "ಕಾಶವ್ವ ಅವರೇ, ಇಂದು ನಿಮಗೆ ವಂಕಿ ಅಳವಡಿಸಲಾಗಿದೆ. ನಮ್ಮ ಸೇವೆ ನಿಮಗೆ ತೃಪ್ತಿ ತಂದಿತೇ?"