ಬಂದರಿಗೆ ಬಂದ ಫೋನು

ಫಿನ್ಲೆಂಡಿನ ಹಳೆಯ ಬಂದರು ಪಟ್ಟಣವೊಂದರಲ್ಲಿ, ನದಿಯಂಚಿನ ಕೆಂಪು ಮರದ ಉಗ್ರಾಣಗಳ ಮುಂದೆ ನೀಲಾಂಬಿಕಾ ಫೋಟೊಗೆ ನಿಂತಿದ್ದಳು. ಪ್ರವಾಸಕ್ಕೆ ಜೊತೆಯಾಗಿ ಬಂದಿದ್ದವಳು ಮೊಬೈಲ್ ಎತ್ತಿ ಹಿಡಿದು, "ಸೆರಗು ಹಿಡ್ಕೋರಿ ಅಕ್ಕಾ, ಗಾಳಿಗೆ ಹಾರಾಕತ್ತೈತಿ," ಎಂದಳು.

ಅಷ್ಟರಲ್ಲಿ ನೀಲಾಂಬಿಕಾಳ ಫೋನು ಹೊಡೆದುಕೊಂಡಿತು. ಗದಗಿನಿಂದ ಗಂಡ.

"ಯಾರನ್ನ ಕೇಳಿ ಹೋದಿ? ನಾಳಿನ ವಿಮಾನಕ್ಕ ವಾಪಸ್ ಬಾ."

"ಯಾರನ್ನೂ ಕೇಳಿಲ್ರಿ. ಇನ್ನೂ ಆರು ದಿನ ಐತಿ. ಗುಡ್ಡದ ಮ್ಯಾಲಿನ ಚರ್ಚ್ ನೋಡಬೇಕು, ಹಡಗಿನ್ಯಾಗ ಕೂಡಬೇಕು."

"ಅರವತ್ತರ ಹೆಂಗಸಿಗೆ ಇದೆಲ್ಲಾ ಬೇಕೇನು? ಇಲ್ಲಿ ನನಗ ಊಟಕ್ಕ ಹಾಕೋರು ಯಾರು?"

"ಅಕ್ಕಿ ಡಬ್ಬ್ಯಾಗ ಐತಿ, ಕುಕ್ಕರ್ ಕಟ್ಟಿ ಮ್ಯಾಲ ಐತಿ."

"ಹಂಗಾದ್ರ ನಾ ಕಸ್ತೂರಿ ಮನಿಗೆ ಹೋಗಿ ಇರ್ತೀನಿ, ನೋಡು!"

ಕಸ್ತೂರಿ ಅವನು ಮೂವತ್ತು ವರ್ಷಗಳಿಂದ ಬೇರೆ ಮನೆ ಮಾಡಿ ಇಟ್ಟುಕೊಂಡ ಹೆಣ್ಣು. ಯಾವ ಜಗಳದಲ್ಲೂ ಆ ಹೆಸರು ಬಂದ ಕೂಡಲೇ ನೀಲಾಂಬಿಕಾ ಕಣ್ಣೀರು ನುಂಗಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಈ ಸಲ ಅವಳಿಗೆ ನಗು ಬಂತು.

"ಹೋಗ್ರಿ, ಬ್ಯಾಡಂದೋರು ಯಾರು? ನಿನ್ನೆನೂ ಹೋಗಿದ್ರೇನು?"

ಗಂಡ ದನಿ ತಗ್ಗಿಸಿದ.

"ಹೋಗಿದ್ದೆ. ಬೀಗ ಹಾಕೈತಿ. ಫೋನೂ ಎತ್ತವಲ್ಲಳು. ಎಲ್ಲಿಗೆ ಹೋಗ್ಯಾಳೋ ಏನೋ."

ನೀಲಾಂಬಿಕಾ ಫೋನನ್ನು ಜೊತೆಯವಳ ಕೈಗೆ ಕೊಟ್ಟಳು.

"ಎಲ್ಲಿಗೆ ಬಂದಿ ಅಂತ ನೀನ ಹೇಳವಾ, ಕಸ್ತೂರಿ."