ನೆರಳಿನಲ್ಲಿ ಯಾರೂ ಇರುವುದಿಲ್ಲ

ವಿಡಿಯೋ ಗೇಮಿನ ಕೋಟೆಯಲ್ಲಿ ಹೊಸ ಕಾವಲುಗಾರನಿಗೆ ಅದು ಮೊದಲ ಪಾಳಿ. ಪಂಜಿನ ಬೆಳಕು ತಲುಪದ ಕಂಬದ ನೆರಳಿನಲ್ಲಿ ಕಳ್ಳನೊಬ್ಬ ಕುಕ್ಕರಗಾಲಿನಲ್ಲಿ ಕೂತಿದ್ದ.

"ಅಣ್ಣಾ, ಅಲ್ಲಿ ಕಳ್ಳ ಕೂತಿದಾನೆ."

ಹಳೆಯ ಕಾವಲುಗಾರ ಅತ್ತ ನೋಡಿದ. "ಅದು ನೆರಳು ಕಣೋ. ನೆರಳಲ್ಲಿ ಯಾರೂ ಇರಲ್ಲ."

"ಕೆಮ್ತಾ ಇದಾನಲ್ಲಣ್ಣ."

"ಬೆಕ್ಕಿರಬೇಕು. ಬೆಳಕಿಗೆ ಬಂದ್ರೆ ಹಿಡಿಯೋಣ. ಇಲ್ಲಿನ ರೂಲ್ಸೇ ಹಾಗೆ."

"ಅಷ್ಟರಲ್ಲಿ ಖಜಾನೆ ಖಾಲಿ ಆಗಿರುತ್ತೆ."

ಹೊಸಬನಿಗೆ ತಡೆಯಲಾಗಲಿಲ್ಲ. ನೆರಳಿಗೆ ನುಗ್ಗಿ ಕಳ್ಳನ ರಟ್ಟೆ ಹಿಡಿದುಕೊಂಡ. "ಸಿಕ್ಕಿದ ಅಣ್ಣಾ, ಬೇಗ ಬನ್ನಿ. ಕೊಸರಿಕೊಳ್ತಾ ಇದಾನೆ."

ಹಳಬ ನೆರಳನ್ನೇ ದಿಟ್ಟಿಸಿದ. ಆಮೇಲೆ ಸುತ್ತಮುತ್ತ ನೋಡಿದ. ಹೊಸಬ ಎಲ್ಲೂ ಕಾಣಲಿಲ್ಲ.

"ಮೊದಲ ದಿನವೇ ಹೇಳದೆ ಕೇಳದೆ ಕೆಲಸ ಬಿಟ್ಟು ಹೋದ," ಎಂದು ಗೊಣಗಿದ. ನೆರಳಿನಿಂದ ಮತ್ತೆ ಕೂಗು ಕೇಳಿಸಿತು.

"ಬೆಕ್ಕು ಎರಡಿರಬೇಕು," ಎಂದುಕೊಂಡು ಗಸ್ತಿಗೆ ಹೊರಟ.